ಪಂಚನಾಮೆಯಲ್ಲಿ ಬರೆಯದ ಹಾನಿ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ನಾನು ವೃತ್ತಿಯಿಂದ ಸಿವಿಲ್ ಎಂಜಿನಿಯರ್. ನೀರಾವರಿ ಇಲಾಖೆಯಲ್ಲಿ ಸೇವೆ ಸಲ್ಲಿಸಿ 2018ರಲ್ಲಿ ನಿವೃತ್ತನಾದೆ. ಗೋಷ್ಠಿಯ ಸಂಚಾಲಕರು ಫೋನ್ ಮಾಡಿ, ‘ಮಳೆಗಾಲ ಹತ್ತಿರ ಬಂತು, ಪ್ರವಾಹದ ಬಗ್ಗೆ ಮಾತಾಡ್ರಿ’ ಎಂದರು. ಕ್ಯೂಸೆಕ್, ಟಿಎಂಸಿ, ಗೇಟು, ಒಡ್ಡು ಎಂದು ಏನಾದರೂ ಹೇಳುತ್ತೇನೆಂದು ಅವರು ಎಣಿಸಿರಬಹುದು. ಇವತ್ತು ಅದನ್ನು ಹೇಳುವುದಿಲ್ಲ. ಊರಿಗೆ ನೀರು ನುಗ್ಗಿದಾಗ ಮಕ್ಕಳ ಮನಸ್ಸಿಗೆ ಏನಾಗುತ್ತದೆ, ಆಗ ಹಿರಿಯರಾದ ನಾವು ಏನು ಮಾಡುತ್ತೇವೆ, ನಮ್ಮ ಮಠಗಳು ಏನು ಮಾಡಬಹುದು, ಇಷ್ಟನ್ನೇ ಹೇಳುತ್ತೇನೆ. ಇದರಲ್ಲಿ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳುವುದೂ ಇದೆ. ಶಿವಾನುಭವ ಗೋಷ್ಠಿಯಲ್ಲಿ ನಿಂತು ಅನುಭವವನ್ನೇ ಮುಚ್ಚಿಟ್ಟು ಮಾತನಾಡಿದರೆ ಅದು ಬರೀ ಭಾಷಣವಾಗುತ್ತದೆ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ ನಿಮಗೆಲ್ಲ ನೆನಪಿರಬೇಕು. ವಿಜಯಪುರ, ಬಾಗಲಕೋಟೆ, ರಾಯಚೂರು, ಕೊಪ್ಪಳ, ಗದಗ ಮೊದಲಾದ ಜಿಲ್ಲೆಗಳಲ್ಲಿ ಮಳೆ ಬಿಡದೆ ಸುರಿಯಿತು. ಬರಗಾಲಕ್ಕೆ ಹೆಸರಾದ ನೆಲದಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಆಗ ನನ್ನನ್ನು ನದಿ ದಂಡೆಯ ಒಂದು ಊರಿನ ಗಂಜಿ ಕೇಂದ್ರದ ಉಸ್ತುವಾರಿಗೆ ಹಾಕಿದರು. ಗಂಜಿ ಕೇಂದ್ರ ಎಂದರೆ ಆ ಊರಿನ ಸರ್ಕಾರಿ ಶಾಲೆಯೇ. ಆರು ಕೋಣೆ, ಒಂದು ವರಾಂಡ, ನಾಲ್ಕು ನೂರಕ್ಕೂ ಮೀರಿ ಜನ. ಶಾಲೆಯಲ್ಲೇ ಜನ ಇದ್ದುದರಿಂದ ದಸರೆಯ ರಜೆ ಮುಗಿದರೂ ಪಾಠ ಶುರುವಾಗಲಿಲ್ಲ. ಮಕ್ಕಳು ತಮ್ಮ ಶಾಲೆಯಲ್ಲೇ ಇದ್ದರು, ಆದರೆ ಅವರಿಗೆ ಶಾಲೆ ಇರಲಿಲ್ಲ.

ಅಲ್ಲಿ ಒಬ್ಬ ಹುಡುಗನಿದ್ದ. ಹತ್ತು ಹನ್ನೊಂದು ವರ್ಷ. ಊರ ಹೊರಗಿನ ಕೇರಿಯವನು. ನಾನು ದಿನಾ ಬೆಳಿಗ್ಗೆ ಸಂಜೆ ಸೇತುವೆಯ ಕಂಬದ ಮೇಲಿನ ಗೇಜ್ ನೋಡಿ ಬರೆದುಕೊಳ್ಳುತ್ತಿದ್ದೆ. ಅವನು ಹಿಂದೆ ಹಿಂದೆ ಬರುತ್ತಿದ್ದ. ಎರಡೇ ದಿನದಲ್ಲಿ ಗೇಜ್ ಓದಲು ಕಲಿತ. ‘ಸಾಹೇಬ್ರ, ಇವತ್ತ ನಾಕು ಬಟ್ಟ ಇಳದೈತ್ರಿ’ ಎಂದು ನನಗಿಂತ ಮೊದಲೇ ಓಡಿಬಂದು ಹೇಳುತ್ತಿದ್ದ. ಚುರುಕು ಹುಡುಗ ಎಂದು ಮೆಚ್ಚಿದೆ. ನೀರು ಇಳಿಯುವುದನ್ನು ಅವನು ಅಷ್ಟು ಆತುರದಿಂದ ನೋಡುತ್ತಿರುವುದು ಏಕೆ ಎಂದು ಮಾತ್ರ ಕೇಳಲಿಲ್ಲ.

ಊಟದ ಹೊತ್ತಿಗೆ ಆ ಕೇಂದ್ರದಲ್ಲಿ ತಾನಾಗಿಯೇ ಎರಡು ಸಾಲುಗಳಾಗುತ್ತಿದ್ದವು. ಯಾರೂ ಆಜ್ಞೆ ಮಾಡಿರಲಿಲ್ಲ. ಊರಿನವರು ವರಾಂಡದಲ್ಲಿ, ಕೇರಿಯವರು ಅಂಗಳದಲ್ಲಿ. ನಾನು ಅದನ್ನು ಮೊದಲ ದಿನವೇ ಕಂಡೆ. ಕೊರಳಲ್ಲಿ ಲಿಂಗ ಧರಿಸಿದವನು ನಾನು. ಬಸವಜಯಂತಿಯಲ್ಲಿ ಸಮಾನತೆಯ ಬಗ್ಗೆ ಎಷ್ಟೋ ಸಲ ಮಾತನಾಡಿದವನು. ಆದರೂ ‘ಇಂಥ ಹೊತ್ತಿನಲ್ಲಿ ಗಲಾಟೆ ಬೇಡ, ಎಲ್ಲರಿಗೂ ಅನ್ನ ಮುಟ್ಟಿದರೆ ಸಾಕು’ ಎಂದು ಸುಮ್ಮನಾದೆ.

ನಾಲ್ಕನೆಯ ದಿನ ಮಧ್ಯಾಹ್ನ ಆ ಹುಡುಗ ತಟ್ಟೆ ಹಿಡಿದು ವರಾಂಡದ ಸಾಲಿಗೆ ಬಂದು ನಿಂತ. ಮಳೆ ಹನಿಯುತ್ತಿತ್ತು, ಅಂಗಳ ಕೆಸರಾಗಿತ್ತು, ಬೇರೆ ಕಾರಣವೇನೂ ಇರಲಿಲ್ಲ. ಹಿರಿಯರೊಬ್ಬರು ಅವನ ಭುಜ ಹಿಡಿದು ‘ನಿಮ್ಮ ಸಾಲು ಆ ಕಡೆ’ ಎಂದು ತಿರುಗಿಸಿದರು. ಹುಡುಗ ನನ್ನ ಕಡೆ ನೋಡಿದ. ನಾನು ಹಾಜರಿ ಪುಸ್ತಕದ ಕಡೆ ನೋಡಿದೆ. ಮರುಕ್ಷಣ ತಟ್ಟೆ ನೆಲಕ್ಕೆ ಬಿತ್ತು. ಅನ್ನ ಸಾರು ಎಲ್ಲ ಕಡೆ ಚೆಲ್ಲಿತು. ಆಗ ಎದ್ದು ನಿಂತ ನಾನು ಗದರಿಸಿದ್ದು ಯಾರನ್ನು? ಆ ಹುಡುಗನನ್ನು. ಎಲ್ಲರ ಮುಂದೆ, ‘ಅನ್ನದ ಬೆಲೆ ಗೊತ್ತಿಲ್ಲೇನು ನಿನಗ? ಮನಿ ಮುಳಗಿದ್ರೂ ಸೊಕ್ಕು ಇಳದಿಲ್ಲ’ ಎಂದೆ.

ಅವನು ಮತ್ತೆ ಗೇಜ್ ನೋಡಲು ಬರಲಿಲ್ಲ. ನನ್ನೊಂದಿಗೆ ಮಾತನಾಡಲೂ ಇಲ್ಲ. ಮೂರು ದಿನ ಕಳೆದ ಮೇಲೆ ಶಾಲೆಯ ಅಕ್ಕೋರು ನನಗೆ ವಿಷಯ ತಿಳಿಸಿದರು. ನೀರು ಬಂದ ರಾತ್ರಿ ಅವನ ಅಪ್ಪ ಮುದುಕಿಯನ್ನು ಹೊತ್ತು ಓಡುವಾಗ ‘ಎಮ್ಮಿ ಬಿಚ್ಚಿ ಬಾ’ ಎಂದು ಇವನಿಗೆ ಹೇಳಿದ್ದನಂತೆ. ಕತ್ತಲೆಯಲ್ಲಿ ಹಗ್ಗದ ಗಂಟು ಬಿಚ್ಚಲಾಗದೆ ಹುಡುಗ ಓಡಿಬಂದ. ಎಮ್ಮೆ ಕಟ್ಟಿದಲ್ಲೇ ಮುಳುಗಿತು. ಮನೆಯ ಬದುಕೆಲ್ಲ ಆ ಎಮ್ಮೆಯ ಮೇಲಿತ್ತು. ಅದು ತನ್ನಿಂದಲೇ ಸತ್ತಿತು ಎಂದು ಅವನು ನಂಬಿದ್ದ. ನೀರು ಇಳಿದರೆ ಗೂಟದ ಹತ್ತಿರ ಹೋಗಿ ನೋಡಬೇಕೆಂದು ದಿನವೂ ಗೇಜ್ ಓದುತ್ತಿದ್ದ.

ಶರಣ ಬಂಧುಗಳೆ, ಆ ಕೇಂದ್ರದಲ್ಲಿ ನಾವು ಎಲ್ಲವನ್ನೂ ಬರೆದುಕೊಂಡಿದ್ದೆವು. ಎಷ್ಟು ಕ್ವಿಂಟಲ್ ಅಕ್ಕಿ, ಎಷ್ಟು ಚಾಪೆ, ಎಷ್ಟು ಹೊದಿಕೆ, ಸತ್ತ ಜಾನುವಾರು ಎಷ್ಟು. ಆ ಎಮ್ಮೆಯೂ ಪಂಚನಾಮೆಯಲ್ಲಿ ಬಂತು. ಅದನ್ನು ಬಿಚ್ಚಲಾಗದ ಹುಡುಗ ಬರಲಿಲ್ಲ. 2019ರ ಪ್ರವಾಹದ ನಂತರ ಬಿದ್ದ ಮನೆಗಳನ್ನು ಹಾನಿಯ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವರ್ಗ ಮಾಡಿ ಪರಿಹಾರ ಕೊಟ್ಟರು. ಪೂರ್ತಿ ಬಿದ್ದ ಮನೆಗೆ ಐದು ಲಕ್ಷ. ಅದು ಆಗಬೇಕಾದ ಕೆಲಸವೇ. ಆದರೆ ಮಗುವಿನ ಒಳಗೆ ಬಿದ್ದ ಗೋಡೆಯನ್ನು ಅಳೆಯುವ ಟೇಪು ಯಾವ ಇಲಾಖೆಯ ಹತ್ತಿರವೂ ಇಲ್ಲ.

ನಿವೃತ್ತಿಯ ನಂತರ ನಾನು ಈ ವಿಷಯವನ್ನು ಸ್ವಲ್ಪ ಓದಿದೆ, ತಿಳಿದವರನ್ನು ಕೇಳಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ದೊಡ್ಡ ವಿಪತ್ತುಗಳ ನಂತರ ಸಂತ್ರಸ್ತರ ಮನಸ್ಸಿನ ಆರೈಕೆಯ ಕೆಲಸ ಮಾಡಿದವರು. 2004ರ ಸುನಾಮಿಯ ನಂತರ ಸ್ಥಳೀಯ ಕಾರ್ಯಕರ್ತರಿಗೆ ಇದರ ತರಬೇತಿಯನ್ನೂ ಕೊಟ್ಟರು. ಎಲ್ಲ ಮಕ್ಕಳಿಗೂ ವೈದ್ಯರೇ ಬೇಕಿಲ್ಲ, ಹತ್ತಿರದ ಹಿರಿಯರು ತಿಳಿದು ನಡೆದುಕೊಂಡರೆ ಹೆಚ್ಚಿನ ಮಕ್ಕಳು ಚೇತರಿಸಿಕೊಳ್ಳುತ್ತಾರೆ ಎಂಬುದು ಈ ಬಗೆಯ ತರಬೇತಿಗಳ ಹಿಂದಿರುವ ತಿಳಿವಳಿಕೆ. ವಿಶ್ವ ಆರೋಗ್ಯ ಸಂಸ್ಥೆಯು ಇತರ ಸಂಸ್ಥೆಗಳೊಂದಿಗೆ ಸೇರಿ 2011ರಲ್ಲಿ ಹೊರತಂದ ಕೈಪಿಡಿಯಲ್ಲಿ ಇದನ್ನು ಮೂರು ಮಾತಿನಲ್ಲಿ ಹೇಳಿದೆ: ನೋಡು, ಆಲಿಸು, ಜೋಡಿಸು. ಯಾರಿಗೆ ತೊಂದರೆಯಾಗಿದೆ ಎಂದು ನೋಡು. ಹೇಳಿದ್ದನ್ನು ತಾಳ್ಮೆಯಿಂದ ಆಲಿಸು. ಅವರಿಗೆ ಬೇಕಾದ ಮನುಷ್ಯರೊಂದಿಗೆ, ನೆರವಿನೊಂದಿಗೆ ಜೋಡಿಸು. ನಾನು ಆ ಕೇಂದ್ರದಲ್ಲಿ ನೋಡಿದ್ದೆ, ಕಾಣಲಿಲ್ಲ. ಆಲಿಸುವ ಮೊದಲೇ ಬೈದೆ.

ಮಕ್ಕಳ ದುಃಖ ದೊಡ್ಡವರ ದುಃಖದ ಹಾಗೆ ಕಾಣುವುದಿಲ್ಲ. ಅದಕ್ಕೇ ನಾವು ಮೋಸ ಹೋಗುತ್ತೇವೆ. ಮೂರು ನಾಲ್ಕು ವರ್ಷದ ಕೂಸು ಮತ್ತೆ ಹಾಸಿಗೆಯಲ್ಲಿ ಉಚ್ಚೆ ಹೊಯ್ಯತೊಡಗುತ್ತದೆ, ತಾಯಿಯ ಸೆರಗು ಬಿಡುವುದಿಲ್ಲ. ಏಳೆಂಟು ವರ್ಷದವರು ಹೊಟ್ಟೆನೋವು, ತಲೆನೋವು ಎನ್ನುತ್ತಾರೆ. ಮೋಡ ಗುಡುಗಿದರೆ ಬೆಚ್ಚುತ್ತಾರೆ. ನಡೆದ ಅನಾಹುತಕ್ಕೆಲ್ಲ ತಾವೇ ಕಾರಣ ಎಂದುಕೊಳ್ಳುತ್ತಾರೆ. ಹರೆಯದ ಹುಡುಗರು ಸಿಡುಕುತ್ತಾರೆ, ಇಲ್ಲವೇ ಏನೂ ಆಗಿಲ್ಲವೆಂಬಂತೆ ನಗುತ್ತಾರೆ. ಇವು ಮೊದಲ ವಾರಗಳಲ್ಲಿ ಸಹಜ. ಬೈದರೆ ಹೆಚ್ಚುತ್ತವೆ, ಜೊತೆಗಿದ್ದರೆ ಕಡಿಮೆಯಾಗುತ್ತವೆ. ಒಂದು ತಿಂಗಳು ಕಳೆದರೂ ಮಗು ನಿದ್ರೆ ಮಾಡದಿದ್ದರೆ, ಮಾತು ಬಿಟ್ಟಿದ್ದರೆ ವೈದ್ಯರಿಗೆ ತೋರಿಸಬೇಕು. ಸಾಯುವ ಮಾತೆತ್ತಿದರೆ ಒಂದು ದಿನವೂ ಕಾಯಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು, ಹಣ ಕೊಡಬೇಕಾಗಿಲ್ಲ. ಮಗು ಅಪಾಯದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098. ಈ ಎರಡು ಸಂಖ್ಯೆಗಳನ್ನು ಮಠದ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿರೆಂದು ಪೂಜ್ಯರಲ್ಲಿ ಕೇಳಿಕೊಳ್ಳುತ್ತೇನೆ.

ಶಿಕ್ಷಣ ಕ್ಷೇತ್ರದಲ್ಲಿ ಈಗ ‘ಸಾಮಾಜಿಕ ಮತ್ತು ಭಾವನಾತ್ಮಕ ಕಲಿಕೆ’ ಎಂಬ ಮಾತು ಬಳಕೆಗೆ ಬಂದಿದೆ. ಹೆಸರು ದೊಡ್ಡದಾದರೂ ವಿಷಯ ಸರಳ. ತನ್ನ ಮನಸ್ಸಿನಲ್ಲಿ ಏನಾಗುತ್ತಿದೆ ಎಂದು ತಿಳಿಯುವುದು. ಸಿಟ್ಟು, ಅಂಜಿಕೆ ಬಂದಾಗ ಅದನ್ನು ಹಿಡಿದುಕೊಳ್ಳುವುದು. ಎದುರಿನವರ ನೋವು ಅರಿಯುವುದು. ಕೂಡಿ ಬಾಳುವುದು. ಸರಿ ತಪ್ಪು ತೂಗಿ ನಿರ್ಧರಿಸುವುದು. ಈ ಐದನ್ನೂ ಮಗು ಗಣಿತ, ವಿಜ್ಞಾನದ ಹಾಗೆಯೇ ಕಲಿಯಬೇಕಾಗುತ್ತದೆ. ಹುಟ್ಟುವಾಗಲೇ ಬರುವುದಿಲ್ಲ. ‘ಶರಣರು ಇದನ್ನೆಲ್ಲ ಎಂದೋ ಹೇಳಿದ್ದರು’ ಎಂದು ಎದೆ ತಟ್ಟಿಕೊಳ್ಳಲು ನಾನು ಈ ಮಾತು ಎತ್ತಲಿಲ್ಲ. ಶರಣರು ಅರಿವು, ಆಚಾರಗಳನ್ನು ಬೇರೆ ಬೇರೆ ಇಡಲಿಲ್ಲ. ನಾವು ಇಡುತ್ತಿದ್ದೇವೆ. ನನ್ನ ಅರಿವು ಬಸವಜಯಂತಿಯ ವೇದಿಕೆಯಲ್ಲಿತ್ತು, ನನ್ನ ಆಚಾರ ಗಂಜಿ ಕೇಂದ್ರದ ವರಾಂಡದಲ್ಲಿ ಕಾಣಿಸಿತು.

ಇಲ್ಲಿ ನನಗೆ ಮುಖ್ಯವೆನಿಸಿದ ಮಾತೊಂದಿದೆ. ಸಂಕಟದ ದಿನಗಳಲ್ಲಿ ಶಾಲೆ ಮುಚ್ಚಿರುತ್ತದೆ, ಕಲಿಕೆ ನಿಂತಿರುವುದಿಲ್ಲ. ಮಕ್ಕಳು ಆಗಲೇ ಹೆಚ್ಚು ಕಲಿಯುತ್ತಾರೆ. ಯಾರಿಗೆ ಮೊದಲು ಬಡಿಸುತ್ತಾರೆ, ಯಾರನ್ನು ಹೆಸರು ಹಿಡಿದು ಕರೆಯುತ್ತಾರೆ, ಯಾರನ್ನು ‘ಏ’ ಎನ್ನುತ್ತಾರೆ, ಅತ್ತವರಿಗೆ ಏನು ಹೇಳುತ್ತಾರೆ ಎಂಬುದನ್ನೆಲ್ಲ ಅವರು ನೋಡುತ್ತಿರುತ್ತಾರೆ. ಆ ದಿನ ನಾನು ಕೇರಿಯ ಹುಡುಗನಿಗೊಂದು ಪಾಠ ಕಲಿಸಿದೆ. ವರಾಂಡದಲ್ಲಿ ಕುಳಿತಿದ್ದ ಐವತ್ತು ಮಕ್ಕಳಿಗೂ ಒಂದು ಪಾಠ ಕಲಿಸಿದೆ. ಎರಡನೆಯದು ಇನ್ನೂ ಕೆಟ್ಟ ಪಾಠ.

ಈಗ 2019ರ ಆಗಸ್ಟ್ ತಿಂಗಳ ಮಾತಿಗೆ ಬರುತ್ತೇನೆ. ಸಹ್ಯಾದ್ರಿಯಲ್ಲಿ ಭಾರಿ ಮಳೆಯಾಗಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿದವು. ಗೋಕಾಕ, ರಾಮದುರ್ಗ, ಬಾದಾಮಿ, ನರಗುಂದ ಕಡೆ ನೀರು ಮನೆಗಳಿಗೆ ನುಗ್ಗಿತು. ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು ನಿಂತ ಚಿತ್ರವನ್ನು ನೀವೆಲ್ಲ ಪತ್ರಿಕೆಯಲ್ಲಿ ನೋಡಿರುತ್ತೀರಿ. ಆಗ ನಾನು ನಿವೃತ್ತ. ಒಂದು ಮಠದ ಪ್ರಸಾದ ನಿಲಯದಲ್ಲಿ ನಿರಾಶ್ರಿತರಿಗೆ ಆಶ್ರಯ ಕೊಟ್ಟಿದ್ದರು. ಸೇವೆಗೆಂದು ಹೋದೆ. ಅಲ್ಲಿ ಸುಮಾರು ಎಂಬತ್ತು ಮಕ್ಕಳಿದ್ದರು. ಅಡುಗೆ, ನೀರು, ಪಾಯಖಾನೆ ನೋಡಿಕೊಳ್ಳಲು ಬೇಕಾದಷ್ಟು ಜನರಿದ್ದರು. ‘ನಾನು ಮಕ್ಕಳ ಕಡೆ ಇರುತ್ತೇನೆ’ ಎಂದು ಕೇಳಿಕೊಂಡೆ. ನನ್ನ ಜೊತೆ ಒಬ್ಬ ಅಂಗನವಾಡಿ ಅಕ್ಕ, ಇಬ್ಬರು ಶಿಕ್ಷಕಿಯರು, ಪ್ರಸಾದ ನಿಲಯದ ನಾಲ್ಕು ಜನ ಕಾಲೇಜು ಹುಡುಗರು.

ಮೊದಲು ಮಾಡಿದ್ದು ಇಷ್ಟೇ: ಒಂದು ಮೂಲೆಯಲ್ಲಿ ಎರಡು ಜಮಖಾನೆ ಹಾಸಿ, ‘ಇದು ಮಕ್ಕಳ ಜಾಗ, ಇಲ್ಲಿ ಸಾಮಾನು ಇಡಬೇಡಿ’ ಎಂದು ಹೇಳಿದೆವು. ಮತ್ತೆ ಒಂದು ವೇಳಾಪಟ್ಟಿ ಮಾಡಿದೆವು. ಬೆಳಿಗ್ಗೆ ಎಂಟಕ್ಕೆ ಸೇರುವುದು, ಹಾಡು, ಒಂದು ತಾಸು ಓದು ಬರಹ, ಆಟ, ಊಟ. ಮಧ್ಯಾಹ್ನ ಚಿತ್ರ, ಮಣ್ಣಿನ ಕೆಲಸ. ಸಂಜೆ ಕಥೆ. ಗಂಟೆ ಹೊಡೆಯುವ ಕೆಲಸವನ್ನು ದಿನಕ್ಕೊಬ್ಬ ಮಗುವಿಗೆ ಕೊಟ್ಟೆವು. ಎಲ್ಲವೂ ಅಸ್ತವ್ಯಸ್ತವಾದಾಗ, ಹೇಳಿದ ಹೊತ್ತಿಗೆ ಹೇಳಿದ ಕೆಲಸ ನಡೆಯುವುದೇ ಮಗುವಿಗೆ ದೊಡ್ಡ ಧೈರ್ಯ. ಸ್ಲ್ಯಾಬ್ ಹಾಕಿದ ಮೇಲೆ ಕಾಂಕ್ರೀಟು ಗಟ್ಟಿಯಾಗುವ ತನಕ ಕೆಳಗಿನ ಸೆಂಟ್ರಿಂಗ್ ತೆಗೆಯುವುದಿಲ್ಲ, ದಿನಾ ನೀರು ಹಾಕುತ್ತೇವೆ. ಮಕ್ಕಳ ವೇಳಾಪಟ್ಟಿ ಅಂಥ ಸೆಂಟ್ರಿಂಗ್. ಭಾರ ಹೊರುವ ಶಕ್ತಿ ಒಳಗೆ ಬರುವ ತನಕ ಹೊರಗಿನಿಂದ ಆಧಾರ.

ಎರಡನೆಯದು, ಮಾತನಾಡಲು ಯಾರನ್ನೂ ಬಲವಂತ ಮಾಡಲಿಲ್ಲ. ‘ನೀರು ಹೆಂಗ ಬಂತು, ಹೇಳು ಹೇಳು’ ಎಂದು ನೋಡಲು ಬಂದವರು ಮಕ್ಕಳನ್ನು ಕೇಳುವುದು ಸಾಮಾನ್ಯ. ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ಆದರೆ ಮಗು ಬಂದವರಿಗೆಲ್ಲ ಅದೇ ರಾತ್ರಿಯನ್ನು ಮತ್ತೆ ಮತ್ತೆ ತೆಗೆದು ತೋರಿಸಬೇಕಾಗುತ್ತದೆ. ಹಾಗಾಗಿ ಫೋಟೋ ಬೇಡ, ಕೇಳುವುದೂ ಬೇಡ ಎಂದು ನಿಯಮ ಮಾಡಿದೆವು. ಮಗು ತಾನಾಗಿ ಹೇಳಿದರೆ ಮಾತ್ರ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುವುದು. ‘ಅಳಬ್ಯಾಡ, ಗಂಡಸ ಅಲ್ಲೇನು’ ಎಂದು ಯಾರೂ ಹೇಳಕೂಡದು.

ಒಬ್ಬಳು ಐದು ವರ್ಷದ ಹುಡುಗಿ ದಿನಾ ಕೆಸರಿನಲ್ಲಿ ಮನೆ ಕಟ್ಟಿ, ತಂಬಿಗೆಯಿಂದ ನೀರು ಸುರಿದು ಅದನ್ನು ಮುಳುಗಿಸುತ್ತಿದ್ದಳು. ಒಳಗೊಂದು ಚಿಂದಿಯ ಗೊಂಬೆ. ಹೆಂಗಸರು ‘ಅಪಶಕುನ, ಬಿಡಸ್ರಿ’ ಎಂದರು. ಅಂಗನವಾಡಿ ಅಕ್ಕ ಬಿಡಿಸಲಿಲ್ಲ. ‘ಆಕಿ ಅದನ್ನ ಹೊರಗ ಹಾಕಾಕತ್ಯಾಳ, ಹಾಕಲಿ’ ಎಂದು ಪಕ್ಕದಲ್ಲಿ ಕುಳಿತಳು. ಐದಾರು ದಿನ ಕಳೆದ ಮೇಲೆ ಆ ಹುಡುಗಿ ನೀರು ಸುರಿಯುವ ಮೊದಲು ಗೊಂಬೆಯನ್ನು ಎತ್ತಿ ಕಲ್ಲಿನ ಮೇಲೆ ಇಡತೊಡಗಿದಳು. ನಮ್ಮ ಉಪದೇಶ ಇಲ್ಲದೆಯೇ.

ಮೂರನೆಯದು, ನೀರು ಏಕೆ ಬಂತು ಎಂದು ಮಕ್ಕಳಿಗೆ ತಿಳಿಸಿದೆವು. ಇದು ನನ್ನ ಪಾಲಿಗೆ ಬಂದ ಕಾಯಕ. ಕೇಂದ್ರದಲ್ಲಿ ಕೆಲವು ಹಿರಿಯರು ‘ಗಂಗವ್ವ ಮುನಿದಾಳ’, ‘ಯಾರದೋ ಪಾಪ, ಊರಿಗೆಲ್ಲ ಶಾಪ’ ಎನ್ನುತ್ತಿದ್ದರು. ದೊಡ್ಡವರು ಹಾಗೆ ಹೇಳಿ ಮರೆಯುತ್ತಾರೆ. ಮಗು ಆ ಪಾಪ ಯಾರದೆಂದು ಹುಡುಕುತ್ತದೆ, ಕೊನೆಗೆ ತನ್ನಲ್ಲೇ ಕಂಡುಕೊಳ್ಳುತ್ತದೆ. ನಾನು ಅಂಗಳದ ಮಣ್ಣಿನಲ್ಲಿ ಮಲಪ್ರಭೆಯನ್ನು ಬರೆದೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತದೆ, ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಆಣೆಕಟ್ಟೆ, ಅದರಲ್ಲಿ ಸುಮಾರು 37 ಟಿಎಂಸಿ ನೀರು ಹಿಡಿಯುತ್ತದೆ, ಮೇಲಿನಿಂದ ಅದಕ್ಕಿಂತ ಹೆಚ್ಚು ಬಂದರೆ ಗೇಟು ತೆಗೆದು ಬಿಡಲೇಬೇಕಾಗುತ್ತದೆ ಎಂದು ಹೇಳಿದೆ. ಮಕ್ಕಳೇ ಮಣ್ಣಿನ ಕಟ್ಟೆ ಕಟ್ಟಿ, ತಗಡಿನ ಗೇಟು ಇಟ್ಟು ನೀರು ಬಿಟ್ಟು ನೋಡಿದರು. ‘ಹಂಗಾದ್ರ ಇದು ಯಾರ ತಪ್ಪೂ ಅಲ್ಲೇನ್ರಿ?’ ಎಂದು ಒಬ್ಬ ಹುಡುಗ ಕೇಳಿದ. ‘ನದಿಯ ಪಾತ್ರದಾಗ ಮನಿ ಕಟ್ಟಿದ್ದು, ಮುಂಚಿತವಾಗಿ ಎಚ್ಚರ ಕೊಡದಿದ್ದದ್ದು ಇವೆಲ್ಲ ದೊಡ್ಡವರ ತಪ್ಪು. ಮಕ್ಕಳದು ಒಂದೂ ತಪ್ಪಿಲ್ಲ’ ಎಂದೆ. ಆ ಮಾತನ್ನು ಹೇಳುವಾಗ ನನ್ನ ಕಣ್ಣ ಮುಂದೆ ಬೇರೊಬ್ಬ ಹುಡುಗನಿದ್ದ. ಪೂರ್ವಜನ್ಮದ ಕರ್ಮದ ಮಾತನ್ನು ನಾವು ತತ್ತ್ವದ ಮಟ್ಟದಲ್ಲಿ ಒಪ್ಪುವುದಿಲ್ಲ ಎನ್ನುತ್ತೇವೆ. ಸಂಕಟದಲ್ಲಿರುವ ಮಗುವಿನ ಕಿವಿಗೆ ಆ ಮಾತು ಬೀಳದಂತೆ ನೋಡಿಕೊಂಡರೆ ಅದು ಆಚರಣೆಯಾಗುತ್ತದೆ.

ನಾಲ್ಕನೆಯದು, ಪಂಕ್ತಿ. ಮೊದಲ ದಿನ ಇಲ್ಲಿಯೂ ಸಾಲುಗಳು ಒಡೆಯುವ ಲಕ್ಷಣ ಕಂಡಿತು. ಈ ಸಲ ನಾನು ಹಾಜರಿ ಪುಸ್ತಕ ನೋಡುತ್ತ ಕೂರಲಿಲ್ಲ. ನೇರ ಹೋಗಿ ಸ್ವಾಮೀಜಿಯವರಿಗೆ ಹೇಳಿದೆ. ಅವರು ಮಾತನಾಡಲಿಲ್ಲ, ಭಾಷಣ ಮಾಡಲಿಲ್ಲ. ಎದ್ದು ಬಂದು ಮಕ್ಕಳ ನಡುವೆ, ಕೇರಿಯ ಎರಡು ಕೂಸುಗಳ ಮಧ್ಯೆ ಪ್ರಸಾದಕ್ಕೆ ಕುಳಿತರು. ಒಂದಿಬ್ಬರು ಹಿರಿಯರು ಊಟ ಬಿಟ್ಟು ಎದ್ದು ಹೋದರು. ಸಂಜೆ ಹಸಿವೆಗೆ ತಾವಾಗಿ ಬಂದರು. ಮುಸ್ಲಿಂ ಮನೆಗಳ ಮಕ್ಕಳೂ ಅದೇ ಪಂಕ್ತಿಯಲ್ಲಿದ್ದರು. ಬೆಳಗಿನ ಪ್ರಾರ್ಥನೆಗೆ ಬಾ ಎಂದು ಯಾವ ಮಗುವನ್ನೂ ಒತ್ತಾಯಿಸಲಿಲ್ಲ. ಕಷ್ಟದಲ್ಲಿರುವವರ ಕೈಗೆ ಅನ್ನ ಕೊಟ್ಟು ಜೊತೆಗೆ ನಮ್ಮ ನಂಬಿಕೆಯನ್ನೂ ಇಡುವುದು ದಾಸೋಹವಾಗುವುದಿಲ್ಲ.

ಐದನೆಯದು, ಮಕ್ಕಳಿಗೂ ಕಾಯಕ. ದುಡಿಸುವುದಲ್ಲ. ಗಂಟೆ ಹೊಡೆಯುವುದು, ಸಣ್ಣವರಿಗೆ ಕಥೆ ಓದುವುದು, ಕುಡಿಯುವ ನೀರಿನ ಹತ್ತಿರ ಲೋಟ ತೊಳೆದಿಡುವುದು. ಬರೀ ಕೈಚಾಚಿ ನಿಲ್ಲುವ ಮಗು ತಾನು ಯಾರಿಗೂ ಬೇಡ ಎಂದುಕೊಳ್ಳುತ್ತದೆ. ಕೆಲಸವೊಂದು ಕೈಯಲ್ಲಿದ್ದರೆ ಬೆನ್ನು ನೆಟ್ಟಗಾಗುತ್ತದೆ. ಆ ಎಮ್ಮೆಯ ಹುಡುಗನಿಗೆ ನಾನು ಗೇಜ್ ಪುಸ್ತಕವನ್ನೇ ಕೊಟ್ಟು ‘ದಿನಾ ನೀನೇ ಬರಿ’ ಎಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಎಲ್ಲವೂ ನೆಟ್ಟಗಾಯಿತು ಎಂದು ಹೇಳಲಾರೆ. ಹದಿನೈದು ವರ್ಷದ ಒಬ್ಬ ಹುಡುಗಿಗೆ ಕೇಂದ್ರದಲ್ಲಿದ್ದಾಗಲೇ ವರ ಗೊತ್ತುಮಾಡಿದ್ದರು. ಮನೆ ಬಿದ್ದಿದೆ, ಬೆಳೆ ಹೋಗಿದೆ, ಒಂದು ಹೊಟ್ಟೆ ಕಡಿಮೆಯಾದರೆ ಆಯಿತು, ಹುಡುಗಿ ಜೋಪಾನವಾಗಿ ಒಂದು ಮನೆ ಸೇರಲಿ ಎಂಬ ಲೆಕ್ಕ. ಶಿಕ್ಷಕಿಯರು ತಾಯಿತಂದೆಯ ಜೊತೆ ನಾಲ್ಕು ದಿನ ಮಾತನಾಡಿ ನಿಲ್ಲಿಸಿದರು. ಬೇರೆ ಎಷ್ಟು ಊರುಗಳಲ್ಲಿ ನಿಲ್ಲಿಸುವವರು ಇರಲಿಲ್ಲವೋ. ನಮ್ಮ ಮಠಗಳು ಸಾಮೂಹಿಕ ವಿವಾಹ ಮಾಡುತ್ತವೆ. ಪ್ರವಾಹ, ಬರ ಬಂದ ವರ್ಷ ಹುಡುಗಿಯರ ವಯಸ್ಸಿನ ದಾಖಲೆಯನ್ನು ಎರಡು ಸಲ ನೋಡಬೇಕು. ಹಾಗೆಯೇ, ಹರೆಯದ ಹುಡುಗರು ಆ ವರ್ಷ ಶಾಲೆ ಬಿಟ್ಟು ಕೂಲಿಗೆ ಹೋದರೆ ಮತ್ತೆ ಮರಳುವುದು ಕಷ್ಟ. ಶಾಲೆ ಬೇಗ ತೆರೆಯುವುದು, ಅದು ಮರದ ಕೆಳಗಾದರೂ ಸರಿ, ಅಕ್ಕಿ ಹಂಚುವಷ್ಟೇ ತುರ್ತಿನ ಕೆಲಸ.

ಹಾಗಾದರೆ ಈ ಮಳೆಗಾಲಕ್ಕೆ ಮುಂಚೆ ಮಠಗಳು ಏನು ಮಾಡಬಹುದು? ಎಂಜಿನಿಯರ್ ಆದ್ದರಿಂದ ಅಂದಾಜುಪಟ್ಟಿ ಇಲ್ಲದೆ ಮಾತು ಮುಗಿಸಲಾರೆ. ಖರ್ಚು ಬಹಳ ಇಲ್ಲ. ಎರಡು ದೊಡ್ಡ ಪೆಟ್ಟಿಗೆ ತುಂಬುವಷ್ಟು ಸಾಮಾನು: ಜಮಖಾನೆ, ಪಾಟಿ, ಬಳಪ, ಬಣ್ಣ, ಹಾಳೆ, ಚೆಂಡು, ಹಗ್ಗ, ಕಥೆಪುಸ್ತಕ, ಒಂದು ಗಂಟೆ. ಇದನ್ನು ಮಠದ ಉಗ್ರಾಣದಲ್ಲಿ ಅಕ್ಕಿಯ ಪಕ್ಕದಲ್ಲೇ ಇಡಿ. ಇಪ್ಪತ್ತು ಮಕ್ಕಳಿಗೆ ಇಬ್ಬರು ಹಿರಿಯರಂತೆ ಹೆಸರಿನ ಪಟ್ಟಿ ಮಾಡಿ. ಯಾವ ಹಿರಿಯನೂ ಮಗುವಿನೊಂದಿಗೆ ಒಂಟಿಯಾಗಿ ಇರಕೂಡದು, ಇಬ್ಬರು ಇರಲೇಬೇಕು. ಪ್ರತಿ ಮಗುವಿನ ಹೆಸರು, ತಾಯಿತಂದೆಯ ಹೆಸರು ಬರೆದಿಡಿ, ಗುರುತಿಲ್ಲದವರ ಕೈಗೆ ಮಗುವನ್ನು ಕೊಡಬೇಡಿ. ಹುಡುಗಿಯರ ಪಾಯಖಾನೆಗೆ ಚಿಲಕ ಮತ್ತು ದೀಪ ಇರಲಿ. ತಾಯಂದಿರಿಗೂ ಕುಳಿತು ಅಳಲು, ಮಾತನಾಡಲು ಜಾಗ ಮತ್ತು ಹೊತ್ತು ಕೊಡಿ. ತಾಯಿ ಸಮಾಧಾನವಾಗದೆ ಕೂಸು ಸಮಾಧಾನವಾಗುವುದಿಲ್ಲ. ಜಿಲ್ಲೆಯ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರನ್ನು ಈಗಲೇ ಕರೆಸಿ ಒಂದು ದಿನದ ತರಬೇತಿ ಮಾಡಿಸಿ. ನೀರು ಬಂದ ಮೇಲೆ ಕಲಿಯಲು ಹೊತ್ತಿರುವುದಿಲ್ಲ.

ಇದು ನಮ್ಮ ಪರಂಪರೆಗೆ ಹೊಸದಲ್ಲ. ಬಡ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟ ಕೆಲಸದಲ್ಲಿ ನಮ್ಮ ಮಠಗಳ ಹೆಸರು ದೊಡ್ಡದು. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಜಾತಿಯ ಭೇದವಿಲ್ಲದೆ ಒಟ್ಟಿಗೆ ಉಂಡು ಓದುತ್ತಿರುವುದನ್ನು ನಾಡು ನೋಡಿದೆ. ಆ ತ್ರಿವಿಧ ದಾಸೋಹದ ಜೊತೆಗೆ ಕಿವಿಯ ದಾಸೋಹವೊಂದನ್ನು ಸೇರಿಸೋಣ ಎಂಬುದಷ್ಟೇ ನನ್ನ ಕೋರಿಕೆ. 12ನೆಯ ಶತಮಾನದಲ್ಲಿ ಶರಣರು ಕಲ್ಯಾಣ ಬಿಟ್ಟು ಹೊರಟರು. ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆ ನಡೆದವರ ಕಥೆಯನ್ನು ಪ್ರತಿವರ್ಷ ಕೇಳುತ್ತೇವೆ. ಆ ದಾರಿಯಲ್ಲಿ ಮಕ್ಕಳೂ ಇದ್ದಿರಲೇಬೇಕು. ಯಾರದೋ ಕೈ ಹಿಡಿದು ನಡೆದಿರಬೇಕು, ರಾತ್ರಿ ಬೆಚ್ಚಿ ಎದ್ದಿರಬೇಕು, ಯಾರೋ ತಟ್ಟಿ ಮಲಗಿಸಿರಬೇಕು. ಅವರ ಬಗ್ಗೆ ನಾವು ಕೇಳಿಕೊಳ್ಳುವುದೇ ಇಲ್ಲ.

ಕೂಡಲಸಂಗಮಕ್ಕೆ ನೀವೆಲ್ಲ ಹೋಗಿದ್ದೀರಿ. ನಾರಾಯಣಪುರ ಜಲಾಶಯದ ಹಿನ್ನೀರಿನಲ್ಲಿ ಐಕ್ಯಮಂಟಪ ಮುಳುಗಬಾರದೆಂದು ಸುತ್ತಲೂ ಬಾವಿಯಂತೆ ಎತ್ತರದ ಗೋಡೆ ಕಟ್ಟಿದ್ದಾರೆ. ಹೊರಗೆ ನದಿ ತುಂಬಿ ನಿಂತಿರುತ್ತದೆ, ನಾವು ಮೆಟ್ಟಿಲಿಳಿದು ಒಣನೆಲದ ಮೇಲೆ ನಿಂತು ಕೈಮುಗಿಯುತ್ತೇವೆ. ಪ್ರತಿ ಸಲ ಹೋದಾಗಲೂ ನನ್ನ ವೃತ್ತಿಯ ಬಗ್ಗೆ ಹೆಮ್ಮೆಯಾಗುತ್ತದೆ. 2009ರ ನಂತರ ಹೆಮ್ಮೆಯ ಜೊತೆ ಇನ್ನೊಂದು ಯೋಚನೆಯೂ ಬರುತ್ತದೆ. ಬಸವಣ್ಣನವರ ನೆನಪಿಗೆ ನೀರು ತಾಗದಂತೆ ಗೋಡೆ ಕಟ್ಟಲು ನಮಗೆ ಬಂತು. ಬಸವಣ್ಣನವರು ಯಾರನ್ನು ತನ್ನವರೆಂದರೋ ಆ ಮನೆಯ ಹುಡುಗನೊಬ್ಬ ತಟ್ಟೆ ಹಿಡಿದು ಎದುರು ನಿಂತಾಗ, ಅವನ ಮತ್ತು ಅವಮಾನದ ನಡುವೆ ಗೋಡೆಯಾಗಿ ನಿಲ್ಲಲು ನನಗೆ ಬರಲಿಲ್ಲ.

ಅವನನ್ನು ಹುಡುಕಿಕೊಂಡು ಹೋಗಿದ್ದೆ. ಊರನ್ನು ಸ್ಥಳಾಂತರಿಸಿ ಆಸರೆ ಯೋಜನೆಯಲ್ಲಿ ಮನೆ ಕಟ್ಟಿದ್ದರು. ಅವನ ತಾಯಿ ಸಿಕ್ಕರು. ಹುಡುಗ ಎಂಟನೆಯ ತರಗತಿಗೆ ಶಾಲೆ ಬಿಟ್ಟು ಗೋವಾ ಕಡೆ ಕೆಲಸಕ್ಕೆ ಹೋದವನು ಅಲ್ಲೇ ಇದ್ದಾನೆ ಎಂದರು. ‘ಏನ್ ಹೇಳಲಿರಿ ಅವಗ?’ ಎಂದು ಕೇಳಿದರು. ‘ಗೇಜಿನ ಸಾಹೇಬ ಬಂದಿದ್ದ, ಆ ದಿನ ತಪ್ಪು ಅವಂದಲ್ಲ, ನಂದು ಅಂತ ಹೇಳಿದ ಅನ್ರಿ’ ಎಂದೆ. ಅವರು ಯಾವ ದಿನ ಎಂದು ಕೇಳಲಿಲ್ಲ. ಚಹಾ ಮಾಡಿಕೊಟ್ಟರು, ಕುಡಿದು ಬಂದೆ. ಆ ಮಾತು ಅವನಿಗೆ ಮುಟ್ಟಿತೋ ಇಲ್ಲವೋ ನನಗೆ ತಿಳಿಯದು.

ಈ ಸಲದ ಮಳೆಗಾಲದಲ್ಲಿ ಮತ್ತೆ ನೀರು ಬಂದರೆ, ಯಾವುದೋ ಮಠದ, ಯಾವುದೋ ಶಾಲೆಯ ವರಾಂಡದಲ್ಲಿ ತಟ್ಟೆ ಹಿಡಿದ ಮಗುವೊಂದು ನಿಮ್ಮ ಮುಖ ನೋಡುತ್ತದೆ. ಆಗ ಪುಸ್ತಕದ ಕಡೆ ನೋಡಬೇಡಿ. ಆ ಮಗುವಿನ ಕಡೆ ನೋಡಿ.